ಬಿಚ್ಚಲು ಬಾರದ ಗಂಟು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮಾತಿನಲ್ಲಿ ಒಂದು ರೂಢಿಯುಂಟು. ಹೆಣ್ಣುಮಗಳೊಬ್ಬಳಿಗೆ "ಆಪರೇಶನ್ ಆಗೇದ" ಎಂದರೆ ಸಾಕು. ಯಾವ ಆಪರೇಶನ್ ಎಂದು ಕೇಳುವವರಿಲ್ಲ. ಕಣ್ಣಿನ ಪೊರೆ ತೆಗೆಸಿದರೆ "ಕಣ್ಣಿನದು" ಎನ್ನಬೇಕು; ಕರುಳಿನ ಬಾವಾದರೆ "ಅಪೆಂಡಿಕ್ಸಿನದು" ಎನ್ನಬೇಕು. ಸಂತಾನಹರಣದ ಶಸ್ತ್ರಕ್ರಿಯೆಗೆ ಮಾತ್ರ ಯಾವ ವಿಶೇಷಣವೂ ಬೇಡ. ಮದುವೆ, ಸೀಮಂತ, ಬಾಣಂತನ, ಆಪರೇಶನ್ ಎಂದು ಸಂಸಾರದ ಕ್ರಮದಲ್ಲಿ ಅದೂ ಒಂದು ಸಂಸ್ಕಾರವೆಂಬಂತೆ ಸೇರಿಹೋಗಿದೆ. ಸೊಸೆಗೆ ಎರಡನೆಯ ಹೆರಿಗೆಯಾಯಿತೆಂದರೆ, ಕೂಸಿನ ತೊಟ್ಟಿಲ ಶಾಸ್ತ್ರದ ದಿನ ಗೊತ್ತುಮಾಡುವುದರ ಜೊತೆಗೇ ಹಿರಿಯ ಹೆಂಗಸರು ಇದರ ದಿನವನ್ನೂ ಗೊತ್ತುಮಾಡಿಬಿಡುವರು.

ನಾನು ಇದನ್ನು ಹೀಯಾಳಿಸಿ ಬರೆಯುತ್ತಿಲ್ಲ. ನನ್ನ ಅಜ್ಜಿ ಹನ್ನೊಂದು ಮಕ್ಕಳನ್ನು ಹೆತ್ತವಳು. ಅವರಲ್ಲಿ ಬದುಕಿ ಉಳಿದವರು ಐವರು. ಆಕೆಯ ಮೂವತ್ತು ವರ್ಷಗಳು ಬಸಿರು, ಬಾಣಂತನ, ಸೂತಕ ಈ ಮೂರರ ನಡುವೆಯೇ ಕಳೆದುಹೋದುವು. ಕೊನೆಯ ಹೆರಿಗೆಯ ಹೊತ್ತಿಗೆ ಆಕೆಯ ಹಿರಿಯ ಮಗಳೂ ಗರ್ಭಿಣಿಯಾಗಿದ್ದಳೆಂದು ನಮ್ಮ ಮನೆಯಲ್ಲಿ ಈಗಲೂ ನಗೆಯಾಡುವುದುಂಟು. ಅಜ್ಜಿ ಮಾತ್ರ ಆ ನಗೆಯಲ್ಲಿ ಒಂದು ದಿನವೂ ಪಾಲುಗೊಂಡವಳಲ್ಲ. ಅಂಥ ಬಾಳಿನಿಂದ ಹೆಂಗಸನ್ನು ಬಿಡಿಸಿದ ಶಸ್ತ್ರಕ್ರಿಯೆಯನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಒಮ್ಮೆ ಮುಚ್ಚಿದ ಬಾಗಿಲನ್ನು ಮತ್ತೆ ತೆರೆಯಿಸಬೇಕೆಂದು ಬರುವ ಹೆಂಗಸರೂ ಇದ್ದಾರೆ. ಅಂಥ ಇಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಇಲ್ಲಿ ಹೇಳಹೊರಟಿರುವುದು ಅವರ ಸಂಗತಿ.

ಅದಕ್ಕೆ ಮೊದಲು ಈ ರೂಢಿ ಬೆಳೆದು ಬಂದ ದಾರಿಯನ್ನಿಷ್ಟು ನೋಡಬೇಕು. ನಮ್ಮ ಧಾರವಾಡ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಆ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ೧೯೨೧ರಲ್ಲಿ ಸಂತತಿ ನಿಯಂತ್ರಣದ ಸಲಹಾ ಕೇಂದ್ರವೊಂದನ್ನು ತೆರೆದು, ಜನರ ನಿಂದೆಗೆ ಗುರಿಯಾದರು. ೧೯೩೦ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ತಾನೇ ಮುಂದಾಗಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳನ್ನು ಸ್ಥಾಪಿಸಿತು. ಸರಕಾರವೊಂದು ಬಹಿರಂಗವಾಗಿ ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಹೊಸದಾಗಿತ್ತು. ಸ್ವಾತಂತ್ರ್ಯ ಬಂದ ಬಳಿಕ ೧೯೫೨ರಲ್ಲಿ ಭಾರತ ಸರಕಾರ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಮಾಡಿತು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು, ಹೆಸರು ಎಷ್ಟು ಸಲ ಬದಲಾದರೂ ನಮ್ಮ ಹಳೆಯ ಜನ ಅದನ್ನು ಇಂದಿಗೂ "ಕೆ.ಎಂ.ಸಿ." ಎಂದೇ ಕರೆಯುವರು. ಧಾರವಾಡದಲ್ಲಿಯಂತೂ ಜನಸಂಖ್ಯೆಯನ್ನು ಅಭ್ಯಸಿಸುವುದಕ್ಕೆಂದೇ ಒಂದು ಸಂಶೋಧನ ಕೇಂದ್ರವಿದೆ. ಹೀಗೆ ಮಕ್ಕಳನ್ನು ಎಣಿಸುವ ಶಾಸ್ತ್ರವೂ, ಎಣಿಕೆಯನ್ನು ನಿಲ್ಲಿಸುವ ಶಾಸ್ತ್ರವೂ ನಮ್ಮ ಅವಳಿ ನಗರಕ್ಕೆ ಹೊಸತಲ್ಲ.

ಮೊದಮೊದಲು ಈ ಶಸ್ತ್ರಕ್ರಿಯೆಗೆ ಗಂಡಸರೂ ಬಹುಸಂಖ್ಯೆಯಲ್ಲಿ ಒಳಗಾಗುತ್ತಿದ್ದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಅಂದರೆ ೧೯೭೬-೭೭ರ ಒಂದೇ ವರ್ಷದಲ್ಲಿ, ದೇಶದೊಳಗೆ ಆದ ಸಂತಾನಹರಣ ಶಸ್ತ್ರಕ್ರಿಯೆಗಳು ಸುಮಾರು ೮೩ ಲಕ್ಷ. ಅವುಗಳಲ್ಲಿ ಬಹುಪಾಲು ಗಂಡಸರವು. ಅದರಲ್ಲಿ ನಡೆದ ಬಲಾತ್ಕಾರ ಎಲ್ಲರಿಗೂ ತಿಳಿದದ್ದೇ. ೧೯೭೭ರಲ್ಲಿ ಸರಕಾರ ಬದಲಾಯಿತು; ಕಾರ್ಯಕ್ರಮದ ಹೆಸರು "ಕುಟುಂಬ ಕಲ್ಯಾಣ"ವಾಯಿತು; ಗಂಡಸರು ಮೆಲ್ಲಗೆ ಆ ಸಾಲಿನಿಂದ ಹೊರಬಿದ್ದರು. ಅವರು ಬಿಟ್ಟ ಜಾಗದಲ್ಲಿ ಹೆಂಗಸರು ನಿಂತರು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿದರೆ, ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ, ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನೊಳಗಿನವರ ಪೈಕಿ, ನೂರಕ್ಕೆ ೫೭ ಮಂದಿ ಈ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಗಂಡಸರ ಕಡೆಯ ಅಂಕಿಯೋ, ಸೊನ್ನೆಯ ಪಕ್ಕದಲ್ಲಿ ಕುಳಿತಿದೆ. ಗಂಡಸಿನ ಶಸ್ತ್ರಕ್ರಿಯೆಯೇ ಹೆಚ್ಚು ಸುಲಭವಾದುದು, ಹೊಟ್ಟೆ ತೆರೆಯುವ ಕಾರಣವಿಲ್ಲದ್ದು ಎಂದು ವೈದ್ಯರು ಎಷ್ಟು ಹೇಳಿದರೂ ನಮ್ಮ ಮನೆಗಳಲ್ಲಿ ಆ ಮಾತು ಅಟ್ಟ ಹತ್ತುವುದಿಲ್ಲ. "ಅವರು ದುಡಿಯೋ ಗಂಡಸ್ರು" ಎಂದು ಅತ್ತೆಯೂ ಹೇಳುವಳು, ತಾಯಿಯೂ ಹೇಳುವಳು. ಬಾವಿಯಿಂದ ನೀರು ಸೇದುವವಳು, ಹಿಟ್ಟು ನಾದುವವಳು, ಕೂಸನ್ನು ಎತ್ತುವವಳು ದುಡಿಯುವವಳಲ್ಲವೆಂದು ಇವರು ಯಾವ ಶಾಸ್ತ್ರದಲ್ಲಿ ಓದಿದರೋ ನಾನರಿಯೆ!

ಇನ್ನೊಂದು ವಿಚಾರ ವಯಸ್ಸಿನದು. ನಮ್ಮ ದೇಶದಲ್ಲಿ ಈ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವ ಹೆಂಗಸರ ನಡುವಯಸ್ಸು ಇಪ್ಪತ್ತೈದರ ಆಸುಪಾಸು. ನಗರದ ವಿದ್ಯಾವಂತ ಮನೆಗಳ ಎಷ್ಟೋ ಹುಡುಗಿಯರು ಆ ವಯಸ್ಸಿನಲ್ಲಿ ಇನ್ನೂ ಎಂ.ಎ. ಮುಗಿಸಿ ನೌಕರಿಯ ಅರ್ಜಿ ಬರೆಯುತ್ತಿರುವರು. ಅದೇ ವಯಸ್ಸಿನ ಬೇರೊಬ್ಬಳ ಮಾತೃತ್ವದ ಲೆಕ್ಕವನ್ನು ಮುಗಿಸಿ ಅಡಿಗೆರೆ ಎಳೆದುಬಿಟ್ಟಿರುತ್ತಾರೆ. ಬಾಳು ಇನ್ನೂ ಐವತ್ತು ವರ್ಷ ಉಳಿದಿದೆ; ಅದರಲ್ಲಿ ಏನು ಬರುವುದೋ ಬಲ್ಲವರಾರು?

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ತಾಯಿಯ ಕಡೆಯ ಬಂಧುಗಳ ಮನೆಯೊಂದಿದೆ. ಆ ಮನೆಯ ಸೊಸೆ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳು. ಇಪ್ಪತ್ತಕ್ಕೆ ಮಗಳು, ಇಪ್ಪತ್ತೆರಡಕ್ಕೆ ಮಗ, ಇಪ್ಪತ್ಮೂರಕ್ಕೆ ಆಪರೇಶನ್. ಎಲ್ಲವೂ ಕಾಲಕ್ಕೆ ಸರಿಯಾಗಿ ಆಯಿತೆಂದು ಅತ್ತೆ ಹೆಮ್ಮೆಪಡುತ್ತಿದ್ದಳು. ಮಗನಿಗೆ ನಾಲ್ಕು ತುಂಬಿದ ವರ್ಷ ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು. ಐದನೆಯ ದಿನ ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಟ್ಟರು. ಏಳನೆಯ ದಿನ ಹುಡುಗ ಉಳಿಯಲಿಲ್ಲ. ಆ ಮನೆಯ ಅಂಗಳದಲ್ಲಿ ಅವನ ಮೂರು ಗಾಲಿಯ ಸೈಕಲ್ಲು ಎಷ್ಟೋ ದಿನ ಹಾಗೆಯೇ ನಿಂತಿತ್ತು. ಅದನ್ನು ಎತ್ತಿಡುವ ಧೈರ್ಯ ಯಾರಿಗೂ ಆಗಲಿಲ್ಲ.

ಆರು ತಿಂಗಳಾಗಿರಬೇಕು. ಒಂದು ದಿನ ಆಕೆಯ ಅತ್ತೆ ಸಪ್ತಾಪುರದ ನಮ್ಮ ಮನೆಗೆ ಬಂದಳು. ಚಹ ಕುಡಿದು, ಎಲೆ-ಅಡಿಕೆ ಹಾಕಿಕೊಂಡು, ಕೊನೆಗೆ ಮಾತು ತೆಗೆದಳು: "ಗಂಟು ಹಾಕ್ಯಾರ ನೋಡ್ರಿ, ಅದನ್ನ ಬಿಚ್ಚಿಸಿಬಿಟ್ರ ಆತು. ನಿಮಗ ಡಾಕ್ಟರ ಪರಿಚಯ ಅದ. ಒಂದೀಟು ಕೂಡ ಬರ್ರಿ." ಗಂಟು ಎಂಬ ಮಾತನ್ನು ಆಕೆ ಎಷ್ಟು ಸಲೀಸಾಗಿ ಆಡಿದಳೆಂದರೆ, ಸೀರೆಯ ಸೆರಗಿಗೆ ಕಟ್ಟಿಕೊಂಡ ನಾಲ್ಕಾಣೆಯನ್ನು ಬಿಚ್ಚುವಷ್ಟೇ ಇದೂ ಸುಲಭವೆಂದು ಕೇಳುವವರಿಗೆ ತೋರಬೇಕು. ಆಕೆಯೊಬ್ಬಳದೇ ಅಲ್ಲ, ನಮ್ಮಲ್ಲಿ ಬಹಳ ಜನರ ತಿಳುವಳಿಕೆ ಇದೇ. ಕಟ್ಟಿದ್ದು ಎಂದಮೇಲೆ ಬಿಚ್ಚಲು ಬರಬೇಕಲ್ಲ!

ನಾನು ಸೊಸೆಯನ್ನು ಕರೆದುಕೊಂಡು ಒಬ್ಬ ಪ್ರಸೂತಿ ತಜ್ಞೆಯ ಬಳಿಗೆ ಹೋದೆ. ಅವರ ದವಾಖಾನೆಯ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿಯೇ ನವಲಗುಂದದ ಕಡೆಯ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಮೂವತ್ತೊಂದರ ವಯಸ್ಸು. ಮೊದಲ ಗಂಡ ತೀರಿಹೋಗಿ, ಎಂಟು ವರ್ಷದ ಮಗಳೊಂದಿಗೆ ತವರಿನಲ್ಲಿದ್ದವಳನ್ನು ಒಬ್ಬ ಸಜ್ಜನ ಮದುವೆಯಾಗಿದ್ದ. ಆತನಿಗೆ ಅದು ಮೊದಲ ಮದುವೆ. "ಮಗಳನ್ನ ಅವರು ತಮ್ಮ ಮಗಳಂಗೇ ನೋಡ್ತಾರ್ರಿ," ಎಂದಳು. "ಆದರ ನನಗ ಅನಸ್ತದ, ಅವರದೂ ಒಂದು ಇರಲಿ." ಇಬ್ಬರ ಬಯಕೆಯೂ ಒಂದೇ; ಅದರ ಹಿಂದಿನ ಕಾರಣಗಳು ಮಾತ್ರ ಬೇರೆ. ಒಬ್ಬಳು ಕಳೆದುಕೊಂಡವಳು, ಇನ್ನೊಬ್ಬಳು ಹೊಸದಾಗಿ ಪಡೆದವಳು. ಆ ಬೆಂಚಿನ ಮೇಲೆ ಇಬ್ಬರಿಗೂ ಬೇಗನೆ ಸಲಿಗೆಯಾಯಿತು.

ಡಾಕ್ಟರಮ್ಮ ನಿಧಾನದವರು. ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಎರಡೂ ಮಗ್ಗುಲಿಗೆ ಒಂದೊಂದು ನಾಳ. ಒಂದೊಂದೂ ಹತ್ತು ಹನ್ನೆರಡು ಸೆಂಟಿಮೀಟರು ಉದ್ದ. ಇಟಲಿಯ ಪಾದುವಾ ನಗರದಲ್ಲಿ ಪಾಠ ಹೇಳುತ್ತಿದ್ದ ಗಾಬ್ರಿಯೇಲೆ ಫಾಲೋಪ್ಪಿಯೋ ಎಂಬ ಶರೀರಶಾಸ್ತ್ರಜ್ಞನು ೧೫೬೧ರಲ್ಲಿ ಇವನ್ನು ವರ್ಣಿಸಿ, ಕಹಳೆಯ ಆಕಾರದವೆಂದು ಬರೆದನು. ಅದರಿಂದ ಇವಕ್ಕೆ ಅವನ ಹೆಸರೇ ಬಿದ್ದಿತು. ಕಹಳೆಯ ಬಾಯಂತೆ ಅಗಲವಾದ ತುದಿಯಲ್ಲಿ ಬೆರಳುಗಳಂಥ ಕುಚ್ಚುಗಳಿವೆ. ಅಂಡಾಶಯದಿಂದ ಹೊರಬಿದ್ದ ಅಂಡವನ್ನು ಅವು ಒಳಗೆ ಸೆಳೆದುಕೊಳ್ಳುವುವು. ಅಂಡವೂ ವೀರ್ಯಾಣುವೂ ಕೂಡುವುದು ಈ ನಾಳದಲ್ಲಿಯೇ. ಕೂಡಿ ಬೆಳೆಯತೊಡಗಿದ ಭ್ರೂಣವನ್ನು ನಾಳದ ಒಳಗಿನ ಸೂಕ್ಷ್ಮ ರೋಮಗಳು ಮೆಲ್ಲಮೆಲ್ಲನೆ ಗರ್ಭಕೋಶದತ್ತ ಸಾಗಿಸುವುವು. ಗರ್ಭಕೋಶದ ಹತ್ತಿರ ಬಂದಂತೆ ನಾಳ ಕಿರಿದಾಗುತ್ತ ಹೋಗುತ್ತದೆ. ಅಲ್ಲಿಯ ರಂಧ್ರ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ.

"ಆಪರೇಶನ್ ಅಂದರ ಇಲ್ಲಿ ಗಂಟು ಹಾಕೋದಷ್ಟೇ ಅಲ್ಲ," ಎಂದರು ಅವರು. "ನಾಳದ ಒಂದು ಭಾಗ ಹೋಗಿಬಿಡ್ತದ. ನಾವು ಬಿಚ್ಚೋದಿಲ್ಲ. ಹೋದದ್ದನ್ನ ಬಿಟ್ಟು, ಉಳಿದ ಎರಡು ತುದಿ ಜೋಡಸ್ತೀವಿ."

ಅತ್ತೆಯ ಗಂಟಿನ ಕಲ್ಪನೆ ಅಲ್ಲಿಗೆ ಮುಗಿಯಿತು. ಸಂತಾನಹರಣದಲ್ಲಿಯೂ ಹಲವು ಬಗೆಗಳುಂಟು. ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಸಣ್ಣ ಗಾಯ ಮಾಡಿ, ನಾಳವನ್ನು ಕುಣಿಕೆಯಾಗಿ ಎತ್ತಿ, ದಾರದಿಂದ ಬಿಗಿದು, ಕುಣಿಕೆಯ ತಲೆಯನ್ನು ಕತ್ತರಿಸಿ ತೆಗೆಯುವುದು ಒಂದು ಬಗೆ. ಪಾಮರಾಯ್ ಎಂಬ ಅಮೇರಿಕದ ವೈದ್ಯನ ವಿಧಾನವದು. ಅವನು ತೀರಿಕೊಂಡ ಮೇಲೆ ೧೯೩೦ರಲ್ಲಿ ಅವನ ಶಿಷ್ಯರು ಅದನ್ನು ಪ್ರಕಟಿಸಿದರು. ಹೊಟ್ಟೆಯೊಳಗೆ ದುರ್ಬೀನು ಇಳಿಸಿ, ನಾಳದ ಕುಣಿಕೆಗೆ ರಬ್ಬರಿನಂಥ ಪುಟ್ಟ ಉಂಗುರ ತೊಡಿಸುವುದು ಇನ್ನೊಂದು ಬಗೆ. ಉಂಗುರದ ಬಿಗಿತಕ್ಕೆ ಸಿಕ್ಕ ಎರಡು ಮೂರು ಸೆಂಟಿಮೀಟರಿನಷ್ಟು ಭಾಗ ರಕ್ತವಿಲ್ಲದೆ ಸೊರಗಿಹೋಗುತ್ತದೆ. ಕುಚ್ಚುಗಳ ಭಾಗವನ್ನೇ ಕತ್ತರಿಸಿ ತೆಗೆದಿದ್ದರೆ ಮಾತ್ರ ಮರುಜೋಡಣೆಗೆ ಆಸೆ ಬಹಳ ಕಡಿಮೆ. ಆದುದರಿಂದ ಡಾಕ್ಟರಮ್ಮ ಮೊತ್ತಮೊದಲು ಕೇಳಿದ ಪ್ರಶ್ನೆ, "ನಿಮ್ಮ ಆಪರೇಶನ್ನಿನ ಕಾಗದ ಎಲ್ಲದ?" ಎಂದು.

ಹಳೇ ಹುಬ್ಬಳ್ಳಿಯ ಸೊಸೆ ಕಾಗದವನ್ನು ತಂದಿದ್ದಳು. ರೇಶನ್ ಕಾರ್ಡಿನ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೋಪಾನಮಾಡಿದ್ದಳು. ಅದರಲ್ಲಿ ಉಂಗುರದ ವಿಧಾನವೆಂದು ಸ್ಪಷ್ಟವಾಗಿ ಬರೆದಿತ್ತು. ನವಲಗುಂದದವಳ ಬಳಿ ಏನೂ ಇರಲಿಲ್ಲ. ಹೆರಿಗೆಯ ಮೂರನೆಯ ದಿನ ಮಾಡಿದರೆಂಬುದಷ್ಟೇ ಆಕೆಗೆ ಗೊತ್ತು. ಮೊದಲ ಗಂಡನ ಮನೆ ಬಿಟ್ಟು ಬರುವಾಗ ಆ ಕಾಗದವನ್ನು ತರಬೇಕೆಂದು ಯಾರಿಗೆ ತಾನೆ ಹೊಳೆದೀತು?

ಮುಂದೆ ಪರೀಕ್ಷೆಗಳು. ಗರ್ಭಕೋಶದೊಳಗೆ ಬಣ್ಣದ ದ್ರವ ಬಿಟ್ಟು ಕ್ಷ-ಕಿರಣದ ಚಿತ್ರ ತೆಗೆದರೆ, ನಾಳ ಎಲ್ಲಿಯವರೆಗೆ ತೆರೆದಿದೆಯೆಂಬುದು ತಿಳಿಯುವುದು. ಅಂಡಾಶಯದಲ್ಲಿ ಬಲವಿದೆಯೇ ಎಂದು ರಕ್ತ ಪರೀಕ್ಷೆ. ಇದೆಲ್ಲಕ್ಕೂ ಮೊದಲು ಗಂಡನ ವೀರ್ಯ ಪರೀಕ್ಷೆ. ಅಲ್ಲಿ ದೋಷವಿದ್ದರೆ ಹೆಂಡತಿಯ ಹೊಟ್ಟೆ ಕೊಯ್ದು ಫಲವೇನು? ಈ ಮಾತು ಕೇಳಿದ್ದೇ ತಡ, ಹಳೇ ಹುಬ್ಬಳ್ಳಿಯ ಮನೆಯಲ್ಲಿ ಒಂದು ಸಣ್ಣ ಮಹಾಭಾರತವೇ ನಡೆಯಿತು. "ಎರಡು ಹಡದವನಿಗೆ ಪರೀಕ್ಷಾ ಯಾಕ?" ಎಂದು ಅತ್ತೆಯ ವಾದ. ಕೂಸನ್ನು ಹಡೆದವಳು ಸೊಸೆ ಎಂಬುದು ಆ ಸಿಟ್ಟಿನಲ್ಲಿ ಮುದುಕಿಗೆ ಮರೆತುಹೋಗಿತ್ತು! ಎರಡು ತಿಂಗಳು ಹೀಗೆಯೇ ಕಳೆದುವು. ಕೊನೆಗೆ ಮಗನೇ ತಾಯಿಗೆ ತಿಳಿಯದಂತೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದ. ನವಲಗುಂದದವಳ ಗಂಡ ಮೊದಲ ದಿನವೇ, ಯಾರೂ ಹೇಳುವುದರೊಳಗೆ, ಆ ಕೆಲಸವನ್ನು ಮುಗಿಸಿದ್ದನು.

ಈ ನಡುವೆ ಡಾಕ್ಟರಮ್ಮ ಒಂದು ಕೆಲಸ ಮಾಡಿದರು. ಹಳೇ ಹುಬ್ಬಳ್ಳಿಯ ಸೊಸೆಯನ್ನು ಒಬ್ಬಳನ್ನೇ ಒಳಗೆ ಕರೆದು, ನಮ್ಮೆಲ್ಲರನ್ನೂ ಹೊರಗೆ ಕೂಡಿಸಿದರು. ಅತ್ತೆಗೆ ಇದು ಸರಿಬರಲಿಲ್ಲ. ಕಾಲು ಗಂಟೆಯಾದ ಮೇಲೆ ಸೊಸೆ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. ಒಳಗೆ ಆದ ಮಾತನ್ನು ಆಕೆ ನನಗೆ ಬಹಳ ದಿನಗಳ ಮೇಲೆ ಹೇಳಿದಳು. "ನಿನಗ ಕೂಸು ಬೇಕೇನವಾ, ಅಂತ ಕೇಳಿದ್ರಿ. ಯಾರೂ ಕೇಳಿರಲಿಲ್ಲ ನೋಡ್ರಿ. ಆಪರೇಶನ್ ಮಾಡಸೂಮುಂದೂ ಕೇಳಿರಲಿಲ್ಲ. ನನಗ ಅವನೇ ಬೇಕ್ರಿ ಅಂದೆ. ಅವ ಬರೂದಿಲ್ಲವಾ, ಬರೂದು ಬ್ಯಾರೆ ಕೂಸು, ಅದು ಹೆಣ್ಣರ ಆಗಬಹುದು, ಆದೀತೇನು, ಅಂದ್ರು. ಒಂದು ತಿಂಗಳು ಬಿಟ್ಟು ಬಾ ಅಂದ್ರು." ತಿಂಗಳು ಬಿಟ್ಟು ಆಕೆ ತಾನಾಗಿಯೇ ಹೋದಳು. ಹೆಣ್ಣಾದರೂ ಆದೀತೆಂದು ಹೇಳಿದಳು.

ಸಮುದ್ರ ಉಕ್ಕಿ ಬಂದ ೨೦೦೪ರ ಡಿಸೆಂಬರ್ ೨೬ರ ನೆನಪು ವಾಚಕರಿಗೆ ಇರಬಹುದು. ತಮಿಳುನಾಡಿನ ಕರಾವಳಿಯಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಲ್ಲಿ ಬಹಳ ಮಂದಿಗೆ ಮೊದಲೇ ಸಂತಾನಹರಣವಾಗಿತ್ತು. ಅಲ್ಲಿಯ ಸರಕಾರ ತನ್ನ ಖರ್ಚಿನಿಂದ ಅವರಿಗೆ ಮರುಜೋಡಣೆಯ ಶಸ್ತ್ರಕ್ರಿಯೆಯ ಏರ್ಪಾಟು ಮಾಡಿತು. ೨೦೦೮ರ ಮೇ ೧೨ರಂದು ಚೀನದ ಸಿಚುವಾನ್ ಪ್ರಾಂತದಲ್ಲಿ ಭೂಕಂಪವಾದಾಗ, ಶಾಲೆಗಳು ಕುಸಿದು ಒಂದೇ ಮಗುವಿನ ತಂದೆತಾಯಿಗಳು ಮಕ್ಕಳಿಲ್ಲದವರಾದರು. ಅಲ್ಲಿಯೂ ಸರಕಾರ ವೈದ್ಯರ ತಂಡಗಳನ್ನು ಕಳಿಸಿತು. ಮಕ್ಕಳು ಎಷ್ಟಿರಬೇಕೆಂದು ಕಟ್ಟಪ್ಪಣೆ ಮಾಡಿದ ಸರಕಾರವೇ ಮತ್ತೆ ಹೆರಿರೆಂದು ವೈದ್ಯರನ್ನು ಕಳಿಸಬೇಕಾಯಿತು. ಒಂದು ಊರಿನ ನೂರು ಮನೆಗಳಿಗೆ ಒಮ್ಮೆಗೇ ಬರುವ ಇಂಥ ವಿಪತ್ತು ಪತ್ರಿಕೆಗಳಲ್ಲಿ ಬರುತ್ತದೆ. ಒಂದು ಓಣಿಯ ಒಂದೇ ಮನೆಗೆ ಬಂದದ್ದು ಆ ಓಣಿಯಲ್ಲಿಯೇ ಉಳಿಯುತ್ತದೆ.

ಇನ್ನು ಶಸ್ತ್ರಕ್ರಿಯೆಯ ವಿಚಾರ. ಹಿಂದೆ ಬರಿಗಣ್ಣಿನಿಂದಲೇ ನಾಳಗಳನ್ನು ಜೋಡಿಸುತ್ತಿದ್ದರು, ಫಲ ಅಷ್ಟಕ್ಕಷ್ಟೇ. ೧೯೭೦ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ವಿನ್‌ಸ್ಟನ್, ಕೆನಡಾದ ವಿಕ್ಟರ್ ಗೋಮೆಲ್ ಮೊದಲಾದವರು ಸೂಕ್ಷ್ಮದರ್ಶಕದ ಕೆಳಗೆ ಈ ಕೆಲಸ ಮಾಡುವುದನ್ನು ರೂಢಿಗೆ ತಂದರು. ಮುಚ್ಚಿಹೋದ ತುದಿಗಳನ್ನು ಸ್ವಲ್ಪಸ್ವಲ್ಪವೇ ಕತ್ತರಿಸುತ್ತ, ಆರೋಗ್ಯವಾದ ಒಳಪದರ ಕಾಣುವವರೆಗೆ ಹೋಗಬೇಕು. ಆಮೇಲೆ ತಲೆಗೂದಲಿಗಿಂತ ತೆಳುವಾದ ದಾರದಿಂದ ನಾಲ್ಕಾರು ಹೊಲಿಗೆ ಹಾಕಬೇಕು. ರಕ್ತ ಹರಿಯದಂತೆ, ಅಂಗಾಂಶ ಒಣಗದಂತೆ ಎಡೆಬಿಡದೆ ನೋಡಿಕೊಳ್ಳಬೇಕು. ಕೊನೆಗೆ ಗರ್ಭಕೋಶದ ಕಡೆಯಿಂದ ನೀಲಿ ಬಣ್ಣದ ನೀರು ಬಿಟ್ಟು, ಅದು ಕುಚ್ಚಿನ ತುದಿಯಿಂದ ಹೊರಗೆ ತೊಟ್ಟಿಕ್ಕಿದರೆ, ದಾರಿ ತೆರೆಯಿತೆಂದು ತಿಳಿಯಬೇಕು. ಸಂತಾನಹರಣಕ್ಕೆ ಕೆಲವು ನಿಮಿಷ ಹಿಡಿದರೆ ಇದಕ್ಕೆ ಎರಡು ಮೂರು ಗಂಟೆ ಬೇಕು. ಈಗ ದುರ್ಬೀನಿನ ಮೂಲಕವೇ ಜೋಡಿಸುವ ಕುಶಲರೂ ಇದ್ದಾರೆ.

ಫಲ ಎಷ್ಟು? ವಯಸ್ಸು ಮೂವತ್ತೈದರೊಳಗಿದ್ದು, ಜೋಡಿಸಿದ ಮೇಲೆ ನಾಳದ ಉದ್ದ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಉಳಿದು, ಬೇರಾವ ದೋಷವೂ ಇರದಿದ್ದರೆ, ನೂರರಲ್ಲಿ ಐವತ್ತರಿಂದ ಎಂಬತ್ತು ಮಂದಿಗೆ ಗರ್ಭ ನಿಲ್ಲುವುದೆಂದು ಅನುಭವಿಗಳ ಲೆಕ್ಕ. ವಯಸ್ಸು ಏರಿದಂತೆ ಈ ಅಂಕಿ ಇಳಿಯುವುದು. ಗರ್ಭ ನಿಲ್ಲುವವರಲ್ಲಿ ಬಹುಮಂದಿಗೆ ಅದು ಮೊದಲ ಒಂದೆರಡು ವರ್ಷಗಳಲ್ಲಿಯೇ ಆಗುವುದು. ಇದರಲ್ಲಿ ಒಂದು ಗಂಡಾಂತರವೂ ಉಂಟು. ಜೋಡಿಸಿದ ಜಾಗದಲ್ಲಿ ಭ್ರೂಣ ಸಿಕ್ಕಿಕೊಂಡು ನಾಳದಲ್ಲಿಯೇ ಬೆಳೆಯತೊಡಗಿದರೆ ನಾಳ ಒಡೆದು ಪ್ರಾಣಕ್ಕೆ ಎರವಾಗಬಹುದು. ಆದುದರಿಂದ ಮುಟ್ಟು ನಿಂತ ಕೂಡಲೆ ತಪಾಸಣೆ ಮಾಡಿಸಬೇಕು. ಮೂರು ತಿಂಗಳಾಗಲೆಂದು ಕಾಯಕೂಡದು. ಇನ್ನೊಂದು ದಾರಿ ಪ್ರನಾಳ ಶಿಶುವಿನದು. ೧೯೭೮ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷದ ಅಕ್ಟೋಬರದಲ್ಲಿ ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಕೂಸು ಹುಟ್ಟಿತು. ಆ ವಿಧಾನಕ್ಕೆ ನಾಳದ ಹಂಗೇ ಇಲ್ಲ. ವಯಸ್ಸಾದವರಿಗೆ, ನಾಳ ತೀರ ಕೆಟ್ಟವರಿಗೆ ಅದೇ ಲೇಸು. ಆದರೆ ಒಂದೊಂದು ಪ್ರಯತ್ನಕ್ಕೂ ಮತ್ತೆ ಹಣ ಹೊಂದಿಸಬೇಕು. ಮರುಜೋಡಣೆ ಫಲಿಸಿದರೆ ತಿಂಗಳು ತಿಂಗಳೂ ಪ್ರಕೃತಿಯೇ ಪ್ರಯತ್ನ ನಡೆಸುವುದು.

ಒಂದೇ ತಿಂಗಳಿನಲ್ಲಿ ಇಬ್ಬರಿಗೂ ಶಸ್ತ್ರಕ್ರಿಯೆಯಾಯಿತು. ಹಳೇ ಹುಬ್ಬಳ್ಳಿಯವಳ ಎರಡೂ ನಾಳಗಳಲ್ಲಿ ಬೇಕಾದಷ್ಟು ಉದ್ದ ಉಳಿದಿತ್ತು. ಎರಡೂ ಕಡೆ ನೀಲಿ ನೀರು ಹೊರಗೆ ಬಂದಿತು. ನವಲಗುಂದದವಳ ಹೊಟ್ಟೆ ತೆರೆದು ನೋಡಿದರೆ, ಬಲಗಡೆಯ ನಾಳದ ಕುಚ್ಚಿನ ಭಾಗವೇ ಇರಲಿಲ್ಲ. ಎಡಗಡೆ ಉಳಿದದ್ದು ಗೇಣಿನ ಮಾತಿರಲಿ, ಕಿರುಬೆರಳಿನ ಅರ್ಧದಷ್ಟೂ ಅಲ್ಲ. ಡಾಕ್ಟರಮ್ಮ ಜೋಡಿಸದೆಯೇ ಮುಚ್ಚಿಬಿಟ್ಟರು. ಜೋಡಿಸಿದೆವೆಂದು ಹೇಳಿ ಎರಡು ವರ್ಷ ಆಸೆ ತೋರಿಸುವುದಕ್ಕಿಂತ ಎಚ್ಚರವಾದ ದಿನವೇ ನಿಜ ಹೇಳುವುದು ಮೇಲೆಂದು ಅವರ ಮತ. ನಿಜ ಹೇಳುವಾಗ ನಾನು ಆ ಕೋಣೆಯಲ್ಲಿದ್ದೆ. ಆಕೆ ಅಳಲಿಲ್ಲ. ಪಕ್ಕದ ಮಂಚದವಳನ್ನು ಕುರಿತು, "ಅವರದು ಆತೇನ್ರಿ?" ಎಂದು ಕೇಳಿದಳು. ಆಯಿತೆಂದು ತಿಳಿದ ಮೇಲೆ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಗಂಡ ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದು, ಏನೂ ಮಾತಾಡದೆ, ಆಕೆಯ ಕಾಲಿನ ಮೇಲೆ ಜಾರಿದ್ದ ರಗ್ಗನ್ನು ಸರಿಪಡಿಸಿದ.

ಹದಿನಾಲ್ಕು ತಿಂಗಳ ಮೇಲೆ ಹಳೇ ಹುಬ್ಬಳ್ಳಿಯವಳಿಗೆ ಗರ್ಭ ನಿಂತಿತು. ಗರ್ಭಕೋಶದೊಳಗೇ ನೆಲೆಸಿದೆಯೆಂದು ತಪಾಸಣೆಯಲ್ಲಿ ಖಚಿತವಾಗುವವರೆಗೆ ಆ ಮನೆಯವರಾರೂ ಊಟ ರುಚಿಸಿ ಉಂಡಿರಲಿಕ್ಕಿಲ್ಲ. ಹುಟ್ಟಿದ್ದು ಹೆಣ್ಣು. ಅತ್ತೆಯ ಮುಖ ಒಂದು ವಾರ ಸಣ್ಣದಾಗಿತ್ತು. ಎಂಟನೆಯ ದಿನ ಕೂಸು ಆಕೆಯ ಬೆರಳು ಹಿಡಿಯಿತಂತೆ. ಅಂದಿನಿಂದ ಮುದುಕಿ ಅದನ್ನು ಬಿಟ್ಟು ಅಲುಗುವುದಿಲ್ಲ. ಸೈಕಲ್ಲನ್ನು ಅಟ್ಟಕ್ಕೆ ಹಾಕಿದ್ದಾರೆ. ಅದನ್ನು ಈ ಕೂಸಿಗೆ ಕೊಡುವುದಿಲ್ಲವೆಂದೂ, ಇವಳಿಗೆ ಬೇರೆಯದು ತರಬೇಕೆಂದೂ ಸೊಸೆ ಮೊದಲೇ ಹೇಳಿಬಿಟ್ಟಿದ್ದಾಳೆ.

ನವಲಗುಂದದವಳಿಗೆ ಡಾಕ್ಟರಮ್ಮ ಪ್ರನಾಳ ಶಿಶುವಿನ ದಾರಿ ತಿಳಿಸಿದರು. ಗಂಡಹೆಂಡಿರು ಒಂದು ವರ್ಷ ಯೋಚಿಸಿದರು. ಹೊಲ ಅಡವಿಟ್ಟರೆ ಹಣ ಹೊಂದುತ್ತಿತ್ತು. ಕೊನೆಗೆ ಬೇಡವೆಂದರು. ನಿರ್ಧಾರ ಗಂಡನದಾಗಿತ್ತು, ಆದರೆ ಒಪ್ಪಿಕೊಳ್ಳುವುದು ಕಷ್ಟವಾದದ್ದು ಹೆಂಡತಿಗೆ. "ಅವರಿಗೆ ನಾ ಏನೂ ಕೊಡಲಿಲ್ಲ ಅನಸ್ತದ್ರಿ," ಎಂದು ಆಕೆ ನನ್ನೊಡನೆ ಫೋನಿನಲ್ಲಿ ಅಂದದ್ದುಂಟು. ಮಗಳ ಶಾಲೆಯ ದಾಖಲೆಯಲ್ಲಿ ತನ್ನ ಹೆಸರು ಸೇರಿಸಬೇಕೆಂದು ಆತ ಕಾಗದಪತ್ರ ಹಿಡಿದು ಕಚೇರಿಗಳಿಗೆ ಓಡಾಡುತ್ತಿರುವುದನ್ನೂ ಆಕೆಯೇ ಹೇಳಿದಳು. ಆಕೆಗೆ ಕೊಡಲು ನನ್ನ ಬಳಿ ಯಾವ ಸಮಾಧಾನದ ಮಾತೂ ಇರಲಿಲ್ಲ. ಇದ್ದಂತೆ ನಟಿಸಲೂ ಇಲ್ಲ. ಪ್ರತಿ ಯುಗಾದಿಗೆ ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಫೋನು ಮಾಡುವರು. ಕೂಸಿನ ಮಾತು ಬಂದರೆ ಹಳೇ ಹುಬ್ಬಳ್ಳಿಯವಳು ತಾನಾಗಿ ಮೊಟಕುಗೊಳಿಸುವಳು. ನವಲಗುಂದದವಳೇ ಮತ್ತೆ ಮತ್ತೆ ಕೇಳುವಳಂತೆ.

ಇವೆರಡನ್ನೂ ಕಂಡಮೇಲೆ ನನಗೆ ತೋಚಿದ್ದಿಷ್ಟು. ಮರುಜೋಡಣೆ ಎಂಬುದು ಇದೆ, ಅದು ಒಳ್ಳೆಯದೇ. ಆದರೆ ಅದು ಇದೆಯೆಂಬ ಧೈರ್ಯದ ಮೇಲೆ ಸಂತಾನಹರಣ ಮಾಡಿಸಿಕೊಳ್ಳಬಾರದು. ಅಮೇರಿಕದಲ್ಲಿ ಸಾವಿರಾರು ಹೆಂಗಸರನ್ನು ಹದಿನಾಲ್ಕು ವರ್ಷ ಅನುಸರಿಸಿ ನೋಡಿದ ಒಂದು ದೊಡ್ಡ ಅಧ್ಯಯನ ೧೯೯೯ರಲ್ಲಿ ಪ್ರಕಟವಾಯಿತು. ಮೂವತ್ತು ತುಂಬುವುದರೊಳಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಮುಂದೆ ಪಶ್ಚಾತ್ತಾಪಪಟ್ಟರು. ಮೂವತ್ತು ದಾಟಿದ ಮೇಲೆ ಮಾಡಿಸಿಕೊಂಡವರಲ್ಲಿ ಅಂಥವರು ನೂರಕ್ಕೆ ಆರು ಮಾತ್ರ. ನಮ್ಮಲ್ಲಿ ಬಹುಮಂದಿ ಮಾಡಿಸಿಕೊಳ್ಳುವುದು ಮೂವತ್ತರೊಳಗೇ ಎಂಬುದನ್ನು ಆಗಲೇ ಹೇಳಿದೆ. ನಮ್ಮ ಸರಕಾರದ ನಿಯಮದಂತೆ ಹೆಂಗಸಿಗೆ ಇಪ್ಪತ್ತೆರಡು ತುಂಬಿರಬೇಕು, ಕಡೆಯಪಕ್ಷ ಒಂದು ಮಗುವಿಗೆ ವರ್ಷ ದಾಟಿರಬೇಕು. ಇದು ಶಾಶ್ವತವಾದ ಉಪಾಯವೆಂಬುದನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಿ ಆಕೆಯ ಸಮ್ಮತಿ ಪಡೆಯಬೇಕು. ೨೦೧೪ರ ನವೆಂಬರದಲ್ಲಿ ಛತ್ತೀಸಗಡದ ಬಿಲಾಸಪುರದಲ್ಲಿ ಒಂದೇ ದಿನ ೮೩ ಹೆಂಗಸರಿಗೆ ಶಸ್ತ್ರಕ್ರಿಯೆ ನಡೆದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅನಂತರ ೨೦೧೬ರ ಸೆಪ್ಟೆಂಬರ್ ೧೪ರಂದು ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಲು ಕ್ರಮ ಕೈಕೊಳ್ಳಬೇಕೆಂದು ತೀರ್ಪಿತ್ತಿತು. ಕೋರ್ಟು ಶಿಬಿರವನ್ನು ನಿಲ್ಲಿಸಬಹುದು. ಅಡಿಗೆಮನೆಯಲ್ಲಿ ಆಗುವ ನಿರ್ಧಾರವನ್ನು ನಾವೇ ತಿದ್ದಬೇಕು.

ಕಾಯುವುದಕ್ಕೆ ಈಗ ಸಾಧನಗಳು ಬೇಕಾದಷ್ಟಿವೆ. ಗರ್ಭಕೋಶದಲ್ಲಿಡುವ ತಾಮ್ರದ ವಂಕಿ ಹತ್ತು ವರ್ಷದವರೆಗೂ ಕಾಯುತ್ತದೆ. ಬೇಡವೆಂದ ದಿನ ತೆಗೆಸಬಹುದು. ೨೦೧೭ರಿಂದ ಸರಕಾರಿ ದವಾಖಾನೆಗಳಲ್ಲಿ ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ "ಅಂತರಾ" ಎಂಬ ಚುಚ್ಚುಮದ್ದು, "ಛಾಯಾ" ಎಂಬ ಗುಳಿಗೆ ಬಂದಿವೆ. ಎರಡನೆಯ ಕೂಸಿಗೆ ನಾಲ್ಕೈದು ವರ್ಷ ತುಂಬುವ ತನಕ ಇವುಗಳಿಂದ ಕಾಲ ಕಳೆದು, ಆಮೇಲೆ ಗಂಡಹೆಂಡಿರಲ್ಲಿ ಯಾರಿಗೆ ಶಸ್ತ್ರಕ್ರಿಯೆ ಆಗಬೇಕೆಂಬುದನ್ನು ಕೂತು ಯೋಚಿಸಿದರೆ ನಷ್ಟವೇನು?

ಇಷ್ಟಾಗಿಯೂ ಈಗಲೇ ಮಾಡಿಸುವುದಾದರೆ, ಮೂರು ಕೆಲಸಗಳನ್ನು ಮರೆಯಬಾರದು. ಯಾವ ವಿಧಾನದಿಂದ ಮಾಡುವರೆಂದು ವೈದ್ಯರನ್ನು ಕೇಳಬೇಕು. ಮಾಡಿದ ಮೇಲೆ ಕೊಡುವ ಕಾಗದವನ್ನು ಆಸ್ತಿಯ ಪತ್ರದಂತೆ ಹೆಂಗಸು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬೇಕು. ಎಲ್ಲಕ್ಕೂ ಮೊದಲು, ಯಾರ ಹೊಟ್ಟೆಯ ಮೇಲೆ ಗಾಯವಾಗುವುದೋ ಆಕೆಯನ್ನು ಒಬ್ಬಳನ್ನೇ ಕೂಡಿಸಿಕೊಂಡು, ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ಕೇಳಬೇಕು. ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂಡಬೇಕು. ಈ ಕೊನೆಯ ಕೆಲಸ ವೈದ್ಯರದೆಂದು ಬಿಟ್ಟುಬಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಇದರ ದಿನ ಗೊತ್ತುಮಾಡುವವರು ಹಿರಿಯ ಹೆಂಗಸರು. ಕೇಳುವ ಹೊಣೆಯೂ ಅವರದೇ ಅಲ್ಲವೇ?